ದೀರ್ಘ ಕಾಯಿಲೆ ಮತ್ತು ನೌಕರಿ: ರಾಜೀನಾಮೆ ಬರೆಯುವ ಮುನ್ನ ಮಾಡಬೇಕಾದ ಲೆಕ್ಕ

ಉಳಿತಾಯ, ಆರ್‌ಆರ್‌ಎಸ್‌ಪಿ, ಮನೆ ಸಾಲ ಇವುಗಳ ಬಗ್ಗೆ ನಾವು ಎಷ್ಟೋ ಮಾತಾಡುತ್ತೇವೆ. ಆದರೆ ನಲವತ್ತರ ಆಸುಪಾಸಿನ ಸಂಬಳದಾರರ ಅತಿ ದೊಡ್ಡ ಆಸ್ತಿ ಇವ್ಯಾವುವೂ ಅಲ್ಲ. ಮುಂದಿನ ಇಪ್ಪತ್ತು ವರ್ಷ ಬರಬೇಕಾದ ಸಂಬಳವೇ ಆ ಆಸ್ತಿ. ಪೂರ್ತಿ ಗುಣವಾಗದ ಕಾಯಿಲೆಯೊಂದು ಬಂದಾಗ ಮೊದಲು ಅಲುಗಾಡುವುದೂ ಅದೇ.

ನಾನಿರುವುದು ಟೊರಾಂಟೊದ ಉತ್ತರಕ್ಕಿರುವ ನ್ಯೂಮಾರ್ಕೆಟ್‌ನಲ್ಲಿ. ಕೆಲಸ ಟೊರಾಂಟೊ ಡೌನ್‌ಟೌನ್‌ನಲ್ಲಿ, ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ. ಕೆಲವು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಬೆಳಿಗ್ಗೆ ಎದ್ದ ಮೇಲೆ ಒಂದೂವರೆ ಗಂಟೆ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಅದಾದ ಮೇಲೆ ಗೋ ರೈಲು ಹಿಡಿದು ಯೂನಿಯನ್ ಸ್ಟೇಷನ್ ತಲುಪಬೇಕು. ಕಾಯಿಲೆ ಗೊತ್ತಾದ ಹೊಸದರಲ್ಲಿ ಊರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಬಿಟ್ಟುಬಿಡು ಮಗಳೇ, ಆರೋಗ್ಯಕ್ಕಿಂತ ಕೆಲಸ ದೊಡ್ಡದಾ?" ಪ್ರೀತಿಯ ಮಾತು, ನಿಜ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

ಕೆಲಸ ಎಂದರೆ ಬರೀ ಸಂಬಳವಲ್ಲ

ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ ಓಹಿಪ್ ಡಾಕ್ಟರ್ ಭೇಟಿ ಮತ್ತು ಆಸ್ಪತ್ರೆಯ ಖರ್ಚು ಕೊಡುತ್ತದೆ. 25ರಿಂದ 64 ವರ್ಷದವರು ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವ ಔಷಧಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನನ್ನಂಥವರು ತೆಗೆದುಕೊಳ್ಳುವ ಬಯಾಲಜಿಕ್ ಇಂಜೆಕ್ಷನ್‌ಗೆ ವರ್ಷಕ್ಕೆ ಸಾವಿರಾರು ಡಾಲರ್ ಬೇಕು. ಅದನ್ನು ಭರಿಸುತ್ತಿರುವುದು ಕಂಪನಿಯ ಗ್ರೂಪ್ ವಿಮೆ. ಬಹಳಷ್ಟು ಗ್ರೂಪ್ ವಿಮೆಗಳಲ್ಲಿ ದೀರ್ಘಾವಧಿ ಅಶಕ್ತತೆಯ ವಿಮೆಯೂ ಸೇರಿರುತ್ತದೆ. ಕೆಲಸ ಮಾಡಲು ಆಗದೇ ಹೋದರೆ ಸಂಬಳದ ಒಂದು ಪಾಲನ್ನು ತಿಂಗಳು ತಿಂಗಳು ಕೊಡುವುದು ಇದೇ.

ಈಗ ಮುಖ್ಯ ವಿಷಯ. ಕಾಯಿಲೆ ಬಂದ ಮೇಲೆ ಇದೇ ವಿಮೆಯನ್ನು ಸ್ವಂತವಾಗಿ ಕೊಳ್ಳಲು ಹೋದರೆ ವಿಮಾ ಕಂಪನಿ ನಿಮ್ಮ ಆರೋಗ್ಯದ ಚರಿತ್ರೆ ಕೇಳುತ್ತದೆ. ಒಂದೋ ನಿರಾಕರಿಸುತ್ತದೆ, ಇಲ್ಲವೇ ನಿಮ್ಮ ಕಾಯಿಲೆಯನ್ನೇ ಹೊರಗಿಟ್ಟು ಪಾಲಿಸಿ ಕೊಡುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು ದುಡ್ಡು ಕೊಟ್ಟರೂ ಮತ್ತೆ ಸಿಗದ ಆಸ್ತಿ. ರಾಜೀನಾಮೆ ಕೊಟ್ಟರೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನವೇ ಅಶಕ್ತತೆಯ ರಕ್ಷಣೆ ಮುಗಿಯುತ್ತದೆ. ಸಕಾರಣವಿಲ್ಲದೆ ತಾವಾಗಿಯೇ ಕೆಲಸ ಬಿಟ್ಟವರಿಗೆ ಉದ್ಯೋಗ ವಿಮೆಯ ನಿರುದ್ಯೋಗ ಭತ್ಯೆಯೂ ಇಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರಲ್ಲ, ಸುಸ್ತಿನಲ್ಲಿ ಬರೆದ ರಾಜೀನಾಮೆಯೂ ಹಾಗೆಯೇ.

ಮ್ಯಾನೇಜರ್‌ಗೆ ಏನು ಹೇಳಬೇಕು?

ಒಂಟಾರಿಯೊ ಮಾನವ ಹಕ್ಕುಗಳ ಸಂಹಿತೆಯ ಪ್ರಕಾರ ದೀರ್ಘ ಕಾಯಿಲೆಯಿಂದ ಬರುವ ಅಶಕ್ತತೆ ಇರುವವರಿಗೆ ಕೆಲಸದಲ್ಲಿ ಹೊಂದಾಣಿಕೆ ಮಾಡಿಕೊಡುವುದು ಮಾಲೀಕರ ಕರ್ತವ್ಯ. "ವಿಪರೀತ ತೊಂದರೆ" ಆಗುತ್ತದೆ ಎಂದು ತೋರಿಸಿದರೆ ಮಾತ್ರ ವಿನಾಯಿತಿ. ಅದಕ್ಕೆ ನೋಡುವುದು ಮೂರೇ ಅಂಶ: ವೆಚ್ಚ, ಹೊರಗಿನಿಂದ ಸಿಗಬಹುದಾದ ಹಣದ ನೆರವು, ಆರೋಗ್ಯ ಮತ್ತು ಸುರಕ್ಷತೆ. ಸಹೋದ್ಯೋಗಿಗಳು ಗೊಣಗುತ್ತಾರೆ ಎನ್ನುವುದು ಈ ಪಟ್ಟಿಯಲ್ಲಿಲ್ಲ.

ಸಾಮಾನ್ಯವಾಗಿ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಏನು ಮಾಡಲು ಆಗುತ್ತದೆ, ಏನು ಆಗುವುದಿಲ್ಲ, ಎಷ್ಟು ಕಾಲ ಎಂಬುದನ್ನು ಡಾಕ್ಟರ್ ಚೀಟಿಯೊಂದಿಗೆ ತಿಳಿಸಿದರೆ ಸಾಕು. ನಾನು ಕಳಿಸಿದ ಇಮೇಲ್‌ನ ಸಾರ ಇಷ್ಟು: "ವೈದ್ಯಕೀಯ ಕಾರಣದಿಂದ ಬೆಳಿಗ್ಗೆ ಹತ್ತಕ್ಕೆ ಮುಂಚೆ ಕೀಬೋರ್ಡ್ ಕೆಲಸ ಕಷ್ಟ. ಹತ್ತರಿಂದ ಆರರವರೆಗೆ ಸಮಯ ಮತ್ತು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೇಳುತ್ತಿದ್ದೇನೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಕಚೇರಿಗೆ ಬರುತ್ತೇನೆ. ಮೂರು ತಿಂಗಳ ನಂತರ ಒಟ್ಟಿಗೆ ಕೂತು ನೋಡೋಣ."

ಮ್ಯಾನೇಜರ್ ಮೊದಲು ಹೇಳಿದ್ದು "ಎಲ್ಲರಿಗೂ ಒಂದೇ ನಿಯಮ" ಅಂತ. ನಾನು ವಾದಕ್ಕಿಳಿಯಲಿಲ್ಲ. ಅದೇ ಇಮೇಲ್ ಅನ್ನು ಡಾಕ್ಟರ್ ಚೀಟಿಯ ಜೊತೆ ಎಚ್‌ಆರ್‌ಗೆ ಕಳಿಸಿದೆ. ಆರು ವಾರಕ್ಕೆ ಒಪ್ಪಿಗೆ ಬಂತು. ಬರವಣಿಗೆಯಲ್ಲಿ ಇದ್ದದ್ದರಿಂದಲೇ ಅದು ದಾರಿಗೆ ಬಂತು ಎಂಬುದು ನನ್ನ ನಂಬಿಕೆ. ಬಾಯಿಮಾತಿನಲ್ಲಿ ಕೇಳಿದ್ದರೂ ಆ ದಿನವೇ ಒಂದು ಇಮೇಲ್ ಹಾಕಿ ದಾಖಲೆ ಮಾಡಿಕೊಳ್ಳಿ. ಕೆಲಸದ ಮೌಲ್ಯಮಾಪನ ಕೆಟ್ಟು ಕೂತ ಮೇಲೆ ಕೇಳುವುದಕ್ಕಿಂತ ಮುಂಚೆಯೇ ಕೇಳುವುದು ಮೇಲು. ಆಗ ಅದು ನೆಪ ಎಂದು ಯಾರಿಗೂ ಅನ್ನಿಸುವುದಿಲ್ಲ.

ದಾರಿಗೆ ಬಾರದಿದ್ದರೆ ಒಂಟಾರಿಯೊ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಮಾನವ ಹಕ್ಕುಗಳ ಕಾನೂನು ನೆರವು ಕೇಂದ್ರದಲ್ಲಿ ಉಚಿತ ಸಲಹೆ ಸಿಗುತ್ತದೆ. ಬ್ಯಾಂಕ್, ಟೆಲಿಕಾಂ, ವಿಮಾನಯಾನದಲ್ಲಿರುವವರಿಗೆ ಮಾತ್ರ ಪ್ರಾಂತ್ಯದ ಕಾನೂನಲ್ಲ, ಕೇಂದ್ರದ ಕಾನೂನು ಅನ್ವಯಿಸುತ್ತದೆ.

ರಜೆ ಹಾಕಿದರೆ ದುಡ್ಡೆಷ್ಟು ಬರುತ್ತದೆ?

ಒಂಟಾರಿಯೊ ಕಾನೂನಿನಲ್ಲಿ ಕನಿಷ್ಠ ಅನಾರೋಗ್ಯ ರಜೆ ವರ್ಷಕ್ಕೆ 3 ದಿನ, ಅದೂ ಸಂಬಳವಿಲ್ಲದೆ. ಕೇಂದ್ರದ ಕಾನೂನಿನಡಿ ಇರುವವರಿಗೆ 10 ದಿನದವರೆಗೆ ಸಂಬಳಸಹಿತ ರಜೆ ಉಂಟು. 2025ರ ಜೂನ್ 19ರಿಂದ ಒಂಟಾರಿಯೊದಲ್ಲಿ ಹೊಸ ದೀರ್ಘ ಅನಾರೋಗ್ಯ ರಜೆ ಬಂದಿದೆ. ಕನಿಷ್ಠ 13 ವಾರ ಕೆಲಸ ಮಾಡಿದವರು 52 ವಾರಗಳಲ್ಲಿ 27 ವಾರದವರೆಗೆ ರಜೆ ಹಾಕಬಹುದು. ಸಂಬಳವಿಲ್ಲ, ಆದರೆ ಕುರ್ಚಿ ನಿಮ್ಮದೇ.

ಸಂಬಳದ ಬದಲು ಸಿಗುವುದು ಉದ್ಯೋಗ ವಿಮೆಯ ಅನಾರೋಗ್ಯ ಭತ್ಯೆ. 600 ಗಂಟೆಗಳ ಕೆಲಸ ಇರಬೇಕು. 2022ರ ಡಿಸೆಂಬರ್‌ನಿಂದ ಇದು 15ರ ಬದಲು 26 ವಾರ ಸಿಗುತ್ತದೆ. ಸಂಬಳದ ಶೇ. 55, ಆದರೆ ಗರಿಷ್ಠ ಮಿತಿ ಇದೆ. 2025ರಲ್ಲಿ ಅದು ವಾರಕ್ಕೆ 695 ಡಾಲರ್ ಇತ್ತು.

ಒಂದು ಉದಾಹರಣೆ ನೋಡೋಣ. ವರ್ಷಕ್ಕೆ 78,000 ಡಾಲರ್ ಸಂಬಳ ಎಂದರೆ ವಾರಕ್ಕೆ 1,500. ಶೇ. 55 ಎಂದರೆ 825 ಆಗಬೇಕು, 2025ರ ಮಿತಿಯ ಪ್ರಕಾರ ಸಿಗುವುದು 695. ನಿಮ್ಮ ಅಶಕ್ತತೆಯ ವಿಮೆ 17 ವಾರ ಕಾದ ಮೇಲೆ ಶುರುವಾಗುತ್ತದೆ ಎಂದುಕೊಳ್ಳಿ. ಸಾಮಾನ್ಯವಾಗಿ ಮೊದಲ ವಾರ ಭತ್ಯೆ ಇಲ್ಲ. ಉಳಿದ 16 ವಾರಕ್ಕೆ 11,120 ಡಾಲರ್, ಅದಕ್ಕೂ ತೆರಿಗೆ ಉಂಟು. ಮನೆ ಖರ್ಚು ತಿಂಗಳಿಗೆ 4,200 ಆದರೆ ನಾಲ್ಕು ತಿಂಗಳಿಗೆ 16,800. ಕೊರತೆ 5,680, ತೆರಿಗೆ ಸೇರಿಸಿದರೆ ಇನ್ನೂ ಹೆಚ್ಚು. ನಿಮ್ಮ ತುರ್ತು ನಿಧಿ ಕನಿಷ್ಠ ಎಷ್ಟಿರಬೇಕು ಎಂಬ ಪ್ರಶ್ನೆಗೆ ಇದು ಉತ್ತರ. ಆ ಹಣ ಷೇರಿನಲ್ಲಿರಬಾರದು. ಟಿಎಫ್‌ಎಸ್‌ಎ ಒಳಗಿನ ಉಳಿತಾಯ ಖಾತೆಯಲ್ಲಿರಲಿ.

ವಿಮೆಯ ಕೈಪಿಡಿಯಲ್ಲಿ ಹುಡುಕಬೇಕಾದ ನಾಲ್ಕು ಸಾಲು

1. ಅಶಕ್ತತೆಯ ವಿಮೆಯ ಕಂತು ಯಾರು ಕಟ್ಟುತ್ತಾರೆ? ಪೂರ್ತಿ ನೀವೇ ಕಟ್ಟುತ್ತಿದ್ದರೆ ಬರುವ ಹಣಕ್ಕೆ ತೆರಿಗೆ ಇಲ್ಲ. ಕಂಪನಿ ಕಟ್ಟುತ್ತಿದ್ದರೆ ತೆರಿಗೆ ಉಂಟು.
2. ಎಷ್ಟು ವಾರ ಕಾಯಬೇಕು? ಮೇಲಿನ ಲೆಕ್ಕಕ್ಕೆ ಈ ಸಂಖ್ಯೆಯೇ ಬುನಾದಿ.
3. "ನಿಮ್ಮ ವೃತ್ತಿ" ಎಂಬ ವ್ಯಾಖ್ಯೆ ಎಷ್ಟು ಕಾಲ? ಸಾಮಾನ್ಯವಾಗಿ ಎರಡು ವರ್ಷ. ಆಮೇಲೆ ನಿಮಗೆ ಹೊಂದುವ ಯಾವ ಕೆಲಸವನ್ನೂ ಮಾಡಲಾಗದು ಎಂದು ತೋರಿಸಬೇಕು.
4. ಮೊದಲೇ ಇದ್ದ ಕಾಯಿಲೆಗೆ ಏನು ಷರತ್ತು? ಕೆಲಸ ಬದಲಿಸುವವರು ಇದನ್ನು ಹೊಸ ಕಂಪನಿಯ ಕೈಪಿಡಿಯಲ್ಲಿ ಓದಬೇಕು. ಐದು ಸಾವಿರ ಹೆಚ್ಚು ಸಂಬಳಕ್ಕೆ ಹೋಗಿ, ಮೊದಲ ವರ್ಷ ರಕ್ಷಣೆಯೇ ಇಲ್ಲದೆ ಇರುವುದು ಲಾಭವೋ ನಷ್ಟವೋ, ನೀವೇ ತೂಗಿ ನೋಡಿ.

ಇದರ ಜೊತೆಗೆ ಎರಡು ಸರ್ಕಾರಿ ಸೌಲಭ್ಯ. ಆದಾಯಕ್ಕೆ ಹೋಲಿಸಿದರೆ ಔಷಧಿ ಖರ್ಚು ವಿಪರೀತ ಇರುವವರಿಗೆ ಒಂಟಾರಿಯೊದ ಟ್ರಿಲಿಯಂ ಡ್ರಗ್ ಪ್ರೋಗ್ರಾಂ ಇದೆ. ಅಶಕ್ತತೆಯ ತೆರಿಗೆ ವಿನಾಯಿತಿಗೆ ಟಿ2201 ಫಾರಂ. ಇಲ್ಲಿ ರೋಗದ ಹೆಸರಿಗಿಂತ ಅದರಿಂದ ದಿನನಿತ್ಯದ ಬದುಕಿಗೆ ಆಗುವ ಅಡ್ಡಿ ಮುಖ್ಯ. ಟೈಪ್ 1 ಮಧುಮೇಹದವರಿಗೆ ಮಾತ್ರ 2021ರಿಂದ ದಾರಿ ಸುಲಭವಾಗಿದೆ.

ಬೆಂಗಳೂರಿನಲ್ಲಿರುವವರಿಗೆ

ಕಾನೂನು ಬೇರೆ, ತತ್ವ ಒಂದೇ. ಕಂಪನಿಯ ಗ್ರೂಪ್ ಮೆಡಿಕ್ಲೇಮ್ ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಕೊಡುತ್ತದೆ. ಸ್ವಂತ ಪಾಲಿಸಿಯಲ್ಲಿ ಹಳೆಯ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ ಐಆರ್‌ಡಿಎಐ 48 ತಿಂಗಳಿಂದ 36ಕ್ಕೆ ಇಳಿಸಿದೆ. ಆದ್ದರಿಂದ ನೌಕರಿಯಲ್ಲಿ ಇರುವಾಗಲೇ, ಸಾಧ್ಯವಾದರೆ ಆರೋಗ್ಯವಾಗಿ ಇರುವಾಗಲೇ, ಸ್ವಂತದ್ದೊಂದು ಪಾಲಿಸಿ ಶುರುಮಾಡಿ. ಕಾಯುವ ಅವಧಿ ಸಂಬಳ ಬರುತ್ತಿರುವಾಗ ಕಳೆದುಹೋಗಲಿ.

ಕೆಲಸ ಬಿಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಬಿಡಲೇಬೇಕಾದ ದಿನವೂ ಬರಬಹುದು. ಆದರೆ ಹೊಂದಾಣಿಕೆ ಕೇಳಿ, ರಜೆ ಬಳಸಿ, ವಿಮೆಗೆ ಅರ್ಜಿ ಹಾಕಿ, ಆಮೇಲೆ ಆ ಮಾತು. ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ವಿಮೆಯ ಕೈಪಿಡಿ ತೆರೆಯಿರಿ, ಆ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿಗೂ ಅದು ಎಲ್ಲಿದೆ ಎಂದು ಗೊತ್ತಿರಲಿ.