ಬೆಂಗಳೂರಿನಲ್ಲಿ ಅಂಗಡಿ ಹಿಡಿಯುವಾಗ ದಲ್ಲಾಳಿ ಯಾರ ಕಡೆಯವರು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ವ್ಯಾಪಾರಿ ಕುಟುಂಬವೊಂದು ಬೆಂಗಳೂರಿನಲ್ಲಿ ಅಂಗಡಿ ತೆರೆಯಲು ಹೊರಟಾಗ ಮೊದಲು ಆಗುವುದು ಒಂದೇ ಕೆಲಸ. ಪರಿಚಯದವರಿಗೆ ಫೋನ್ ಮಾಡುತ್ತಾರೆ. ಅವರು ಒಬ್ಬ ದಲ್ಲಾಳಿಯ ನಂಬರ್ ಕೊಟ್ಟು, ‘ನಮ್ಮವರೇ, ಚಿಂತೆ ಮಾಡಬೇಡಿ’ ಎನ್ನುತ್ತಾರೆ. ರಾತ್ರಿ ಬಸ್ಸಿಗೆ ಹೋಗಿ, ಹಗಲೆಲ್ಲ ನಾಲ್ಕೈದು ಜಾಗ ನೋಡಿ, ಒಂದಕ್ಕೆ ಟೋಕನ್ ಕೊಟ್ಟು ಮತ್ತೆ ರಾತ್ರಿ ಬಸ್ಸಿಗೆ ಮರಳುವುದೂ ಉಂಟು. ಆ ದಲ್ಲಾಳಿ ಯಾರ ಪರವಾಗಿ ಕೆಲಸ ಮಾಡಿದರು ಎಂದು ಈ ಓಡಾಟದಲ್ಲಿ ಯಾರೂ ಕೇಳಿರುವುದಿಲ್ಲ.

ಎಪಿಎಂಸಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಅಡತಿ ಅಂಗಡಿಯವರು ರೈತನ ಮಾಲು ಮಾರಿಸಿಕೊಡುವವರು, ಖರೀದಿದಾರರು ಬೇರೆ. ಯಾರು ಯಾವ ಕಡೆ ಎಂಬುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಅಂಗಡಿ ಬಾಡಿಗೆಯಲ್ಲಿ ಒಬ್ಬನೇ ದಲ್ಲಾಳಿ ಎರಡೂ ಕಡೆ ನಿಂತು, ಎರಡೂ ಕಡೆಯಿಂದ ದಲಾಲಿ ಪಡೆಯುವುದು ಸಾಮಾನ್ಯ. ಮಾಲೀಕರು ಅವನಿಗೆ ಮುಂದೆಯೂ ಜಾಗ ಕೊಡುವವರು, ಬಾಡಿಗೆದಾರ ಒಮ್ಮೆ ಬಂದು ಹೋಗುವವನು. ಜೊತೆಗೆ ದಲಾಲಿಯನ್ನು ಬಾಡಿಗೆಯ ಲೆಕ್ಕದಲ್ಲಿ ಕೊಡುವುದರಿಂದ, ಬಾಡಿಗೆ ಇಳಿಸಿದರೆ ಅವನ ಹಣವೂ ಇಳಿಯುತ್ತದೆ. ಮನುಷ್ಯ ಕೆಟ್ಟವನೇ ಆಗಿರಬೇಕೆಂದಿಲ್ಲ, ವ್ಯವಸ್ಥೆಯೇ ಹಾಗಿದೆ.

ಬಾಡಿಗೆದಾರನ ಪರವಾಗಿ ಮಾತ್ರ ಕೆಲಸ ಮಾಡುವ ದಲ್ಲಾಳಿ ಎಂಬ ಪದ್ಧತಿಯೂ ಇದೆ. ದೊಡ್ಡ ಕಂಪನಿಗಳು ಕಚೇರಿ ಹಿಡಿಯುವಾಗ ಹೀಗೆಯೇ ನೇಮಿಸುತ್ತವೆ. ಐನೂರು, ಸಾವಿರ ಚದರಡಿಯ ಅಂಗಡಿಗೆ ಆ ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಸ್ಥಳೀಯ ದಲ್ಲಾಳಿಯನ್ನೇ ಅದೇ ಷರತ್ತಿನ ಮೇಲೆ ನೇಮಿಸಿಕೊಳ್ಳಲು ಅಡ್ಡಿಯಿಲ್ಲ. ಒಂದು ಪುಟದ ಪತ್ರ ಸಾಕು: ಈ ವ್ಯವಹಾರದಲ್ಲಿ ಅವರು ಬಾಡಿಗೆದಾರನ ಪರ ಮಾತ್ರ, ಮಾಲೀಕರಿಂದ ಏನನ್ನೂ ಪಡೆಯುವುದಿಲ್ಲ, ದಲಾಲಿ ಇಂತಿಷ್ಟು ಎಂದು ನಿಗದಿಯಾದ ಮೊತ್ತ, ಅದರಲ್ಲಿ ಅರ್ಧ ಕರಾರು ನೋಂದಣಿಯಾದ ದಿನ, ಉಳಿದರ್ಧ ಕೀಲಿ ಕೈಗೆ ಬಂದ ದಿನ. 1872ರ ಭಾರತೀಯ ಕರಾರು ಕಾಯ್ದೆಯ 213ನೇ ಕಲಂ ಪ್ರಕಾರ ಏಜೆಂಟನು ನೇಮಿಸಿದವರಿಗೆ ಲೆಕ್ಕ ಕೊಡಬೇಕು. ಅವರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ತನ್ನ ಸ್ವಂತಕ್ಕೆ ಲಾಭ ಮಾಡಿಕೊಂಡರೆ ಆ ಲಾಭವನ್ನು ಕೇಳುವ ಹಕ್ಕನ್ನು 216ನೇ ಕಲಂ ಕೊಡುತ್ತದೆ. ಪತ್ರವೇ ಇಲ್ಲದಿದ್ದರೆ ನೇಮಿಸಿದ್ದನ್ನು ತೋರಿಸುವುದೇ ಕಷ್ಟ.

‘ರೇರಾ ನಂಬರ್ ಇದೆ’ ಎಂಬ ಮಾತಿಗೆ ಹೆಚ್ಚು ತೂಕ ಕೊಡಬೇಕಿಲ್ಲ. 2016ರ ಆ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಇರುವುದು ಯೋಜನೆಗಳ ನಿವೇಶನ, ಕಟ್ಟಡಗಳ ಮಾರಾಟಕ್ಕೆ ಸಂಬಂಧಿಸಿ. ಬಾಡಿಗೆ ವ್ಯವಹಾರಕ್ಕೆ ಅದು ರಕ್ಷಣೆಯಲ್ಲ. ಅದಕ್ಕಿಂತ, ಆ ದಲ್ಲಾಳಿ ಅಂಗಡಿ ಕೊಡಿಸಿದ ಇಬ್ಬರು ಬಾಡಿಗೆದಾರರ ಬಳಿ ನೇರವಾಗಿ ಹೋಗಿ ಮಾತನಾಡುವುದು ಉಪಯುಕ್ತ. ಜಾಗ ಬಿಟ್ಟು ಹೋದವರೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು, ಅಡ್ವಾನ್ಸ್ ಮರಳಿ ಬಂತೇ ಎಂದು ಹೇಳಬಲ್ಲವರು ಅವರೇ.

ದಲ್ಲಾಳಿಯ ಕೆಲಸ ಗೊತ್ತಾಗುವುದು ಲೆಕ್ಕದಲ್ಲಿ. ಉದಾಹರಣೆಗೆ ಸೂಪರ್ ಬಿಲ್ಟ್ ಅಪ್ 1,000 ಚದರಡಿ, ಚದರಡಿಗೆ 100 ರೂಪಾಯಿಯಂತೆ ತಿಂಗಳಿಗೆ 1 ಲಕ್ಷ ಬಾಡಿಗೆ ಎನ್ನೋಣ. ಒಳಗೆ ಅಳೆದಾಗ ಕಾರ್ಪೆಟ್ ಏರಿಯಾ 650 ಚದರಡಿ ಬಂದರೆ ನಿಜವಾದ ದರ ಸುಮಾರು 154 ರೂಪಾಯಿ. ಹತ್ತು ತಿಂಗಳ ಅಡ್ವಾನ್ಸ್ ಎಂದರೆ 10 ಲಕ್ಷ. ಬಾಡಿಗೆ ಏರಿಕೆಯನ್ನು ‘ವರ್ಷಕ್ಕೆ 5 ಪ್ರತಿಶತ’ ಎಂದು ಬರೆದರೂ ‘ಮೂರು ವರ್ಷಕ್ಕೊಮ್ಮೆ 15 ಪ್ರತಿಶತ’ ಎಂದು ಬರೆದರೂ ಒಂದೇ ಎಂದು ಕೇಳಿಸುತ್ತದೆ. ಒಂಬತ್ತು ವರ್ಷಕ್ಕೆ ಕೂಡಿಸಿದರೆ ಮೊದಲನೆಯದು ಸುಮಾರು 132.3 ಲಕ್ಷ, ಎರಡನೆಯದು 125 ಲಕ್ಷ. ಈ ಏಳು ಲಕ್ಷದ ವ್ಯತ್ಯಾಸವನ್ನು ಕೇಳುವ ಮೊದಲೇ ತೋರಿಸಿಕೊಡುವವನು ಬಾಡಿಗೆದಾರನ ಕಡೆಯವನು. ಟೇಪು ಹಿಡಿದು ಒಳಗೆ ಅಳೆಯೋಣ ಎಂದಾಗ ಮುಖ ಸಿಂಡರಿಸುವವನು ಅಲ್ಲ. ಬಾಡಿಗೆಯ ಮೇಲಿನ 18 ಪ್ರತಿಶತ ಜಿಎಸ್‌ಟಿಯನ್ನೂ ಆರಂಭದಲ್ಲೇ ಮಾತಾಡಬೇಕು, ಕಾಂಪೊಸಿಷನ್ ಯೋಜನೆಯಲ್ಲಿರುವ ವ್ಯಾಪಾರಿಗೆ ಅದರ ಕ್ರೆಡಿಟ್ ಸಿಗುವುದಿಲ್ಲ.

ಕರಾರಿನ ವಿಷಯದಲ್ಲಿ ಊರಿನ ಅಭ್ಯಾಸ ಹೆಚ್ಚು ಮೋಸ ಮಾಡುತ್ತದೆ. ನಮ್ಮ ಪೇಟೆಗಳಲ್ಲಿ ಅಜ್ಜನ ಕಾಲದ ಬಾಡಿಗೆ ಬಾಯಿಮಾತಿನ ಮೇಲೆಯೇ ನಡೆದಿರಬಹುದು. ಬೆಂಗಳೂರಿನಲ್ಲಿ ದಲ್ಲಾಳಿ 11 ತಿಂಗಳ ಕರಾರು ತಂದು, ‘ಆಮೇಲೆ ಮುಂದುವರಿಸಿದರಾಯಿತು’ ಎನ್ನುತ್ತಾನೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಮಾಡಿಸಲೇಬೇಕು. ಐದು ವರ್ಷ ಎಂದು ಛಾಪಾ ಕಾಗದದ ಮೇಲೆ ಬರೆದು ನೋಂದಾಯಿಸದೆ ಬಿಟ್ಟರೆ, ಆ ಐದು ವರ್ಷಕ್ಕೆ ನ್ಯಾಯಾಲಯದಲ್ಲಿ ಬಲವಿಲ್ಲ. ಆಗ ಅಂಗಡಿಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ಎಂದು ಎಣಿಸುವ ಸಂಭವವಿದೆ. ಅಂಥ ಬಾಡಿಗೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನಗಳ ನೋಟಿಸಿನಿಂದ ಮುಗಿಸಬಹುದು. ಎಂಟು ಲಕ್ಷ ಖರ್ಚು ಮಾಡಿ ರ‍್ಯಾಕು, ಕೌಂಟರು, ಬೋರ್ಡು ಹಾಕಿಸಿದವರಿಗೆ 15 ದಿನ!

1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಾಪಾಡುತ್ತದೆ ಎಂಬ ನಂಬಿಕೆಯೂ ಬೇಡ. ವಾಣಿಜ್ಯ ಬಳಕೆಯಲ್ಲಿ ಅದು ಅನ್ವಯಿಸುವುದು 14 ಚದರ ಮೀಟರ್ ಮೀರದ ಸಣ್ಣ ಜಾಗಗಳಿಗೆ, ಅದೂ ಕಡಿಮೆ ಬಾಡಿಗೆಯವಕ್ಕೆ.

ಒಳ್ಳೆಯ ದಲ್ಲಾಳಿ ಟೋಕನ್ ಕೇಳುವ ಮೊದಲು ಮಾಲೀಕತ್ವದ ಪತ್ರ, ಖಾತಾ, ಇಸಿ ಮತ್ತು ಕಟ್ಟಡದ ಸ್ವಾಧೀನಾನುಭವ ಪತ್ರವನ್ನು ತಂದು ತೋರಿಸುತ್ತಾನೆ. ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರ ಪರವಾನಗಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶನ ನೀಡಿದೆ. ಕರಾರಿನ ಕರಡನ್ನು ಮಾತ್ರ ದಲ್ಲಾಳಿಯ ಕೈಗೆ ಬಿಡದೆ ಬೇರೆ ವಕೀಲರಿಗೆ ತೋರಿಸಬೇಕು.

ಇನ್ನು ‘ನಮ್ಮವರೇ’ ಎಂಬ ಮಾತು. ಸಮಾಜದವರ ಬಳಿ ಕಾಗದ ಕೇಳಲು ಸಂಕೋಚವಾಗುವುದು ಸಹಜ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಹೆಸರಿಸುತ್ತದೆ. ಒಂದು ಸುಳ್ಳು ಬರಹ, ಇನ್ನೊಂದು ಇಟ್ಟವರು ಮರೆತ ಠೇವಣಿಯನ್ನು ಉಳಿಸಿಕೊಳ್ಳುವುದು. ಬರಹ ಮತ್ತು ಠೇವಣಿ ಶ್ರಾವಕರ ನಡುವೆಯೂ ಎಚ್ಚರ ಬೇಡುವ ವಿಷಯಗಳೆಂದು ಆಚಾರ್ಯರಿಗೆ ಗೊತ್ತಿತ್ತು. ಪತ್ರ ಸ್ಪಷ್ಟವಾಗಿದ್ದರೆ ಅಡ್ವಾನ್ಸ್ ವಿಚಾರಕ್ಕೆ ಎರಡು ಕುಟುಂಬಗಳು ಬಸದಿಯಲ್ಲಿ ಎದುರಾದಾಗ ಮುಖ ತಿರುಗಿಸುವ ಪ್ರಸಂಗ ಬರುವುದಿಲ್ಲ.

ಅಡ್ವಾನ್ಸ್ ಹಣವನ್ನು ದಲ್ಲಾಳಿಯ ಕೈಗೆ ನಗದಾಗಿ ಕೊಡದೆ, ಕರಾರಿನಲ್ಲಿ ಹೆಸರಿರುವ ಮಾಲೀಕರ ಖಾತೆಗೇ ಬ್ಯಾಂಕ್ ಮೂಲಕ ಹಾಕಬೇಕು. ಜಾಗ ಬಿಟ್ಟ ಎಷ್ಟು ದಿನದೊಳಗೆ ಅದು ಮರಳಬೇಕು, ಬಣ್ಣ, ದುರಸ್ತಿಗೆ ಗರಿಷ್ಠ ಎಷ್ಟು ಕಡಿತ, ತಡವಾದರೆ ಬಡ್ಡಿ ಎಷ್ಟು ಎಂಬುದನ್ನು ಕೀಲಿ ಪಡೆಯುವ ಮೊದಲೇ ಬರೆಸಿಕೊಳ್ಳಬೇಕು. ಬಿಡುವ ದಿನ ಬಂದಾಗ ದಲ್ಲಾಳಿ ಫೋನ್ ಎತ್ತದೆಯೂ ಇರಬಹುದು.