ಸೋರದ ಎಂಜಿನ್: ಹಳೆಯ ಆರ್‌ಎಕ್ಸ್ 100ಕ್ಕೆ ಮರುಜೀವ ಕೊಡುವ ಬಗೆ

ಜಪಾನಿನ ಮಾಜ್ದಾ ಕಂಪನಿಯ ಆರ್‌ಎಕ್ಸ್-7 ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟೂ ಇಲ್ಲ. ರೇಷ್ಮೆಗೂಡಿನ ಆಕಾರದ ಒಂದು ಕೋಣೆ, ಅದರೊಳಗೆ ಸುತ್ತುವ ಮೂರು ಮೂಲೆಯ ರೋಟರ್, ಇಷ್ಟೇ. ಕೋಣೆಯ ಗೋಡೆಯಲ್ಲಿರುವ ಪೋರ್ಟುಗಳನ್ನು ರೋಟರೇ ಮುಚ್ಚುತ್ತದೆ, ರೋಟರೇ ತೆರೆಯುತ್ತದೆ. ಮಾಜ್ದಾ ಈ ರೋಟರಿ ಎಂಜಿನ್ನನ್ನು 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರಿನಲ್ಲಿ ರಸ್ತೆಗಿಳಿಸಿತು. 1978ರಿಂದ 2002ರವರೆಗೆ ಆರ್‌ಎಕ್ಸ್-7 ಬಂತು. 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸನ್ನೇ ಗೆದ್ದಿತು. ಆದರೆ ಶುರುವಿನಲ್ಲಿ ಈ ಎಂಜಿನ್ ಎಂಜಿನಿಯರುಗಳ ನಿದ್ದೆ ಕೆಡಿಸಿತ್ತು. ರೋಟರಿನ ಮೂರು ಮೂಲೆಗಳಲ್ಲಿ ಕೂರುವ ಸೀಲುಗಳು ಅದುರಿ ಗೋಡೆಯ ಮೇಲೆ ಗೆರೆ ಕೊರೆಯುತ್ತಿದ್ದವು. ಆ ಗೆರೆಗಳಿಗೆ ಅವರು ದೆವ್ವದ ಉಗುರಿನ ಗೀರು ಎಂದೇ ಹೆಸರಿಟ್ಟಿದ್ದರು. ಕೊನೆಗೆ ಇಂಗಾಲ ಮತ್ತು ಅಲ್ಯುಮಿನಿಯಂ ಬೆರೆಸಿದ ಸೀಲು ಆ ಗೀರನ್ನು ನಿಲ್ಲಿಸಿತು. ಇವತ್ತಿಗೂ ಹಳೆಯ ಆರ್‌ಎಕ್ಸ್-7 ಬಿಚ್ಚುವ ಹವ್ಯಾಸಿ ಮೊದಲು ನೋಡುವುದು ಆ ಸೀಲುಗಳನ್ನೇ.

ತಯಾರಾಗಿ ಮೂರು ವರ್ಷ ಮೀರಿದ ಬಳಸಿದ ಕಾರನ್ನು ಸಾಮಾನ್ಯವಾಗಿ ನಮ್ಮ ದೇಶಕ್ಕೆ ತರಿಸುವಂತಿಲ್ಲ. ಹಾಗಾಗಿ ಮುಂಬಯಿ ಬಳಿಯ ಡೊಂಬಿವಲಿಯ ಹುಡುಗನಿಗೆ ಆರ್‌ಎಕ್ಸ್-7 ಸಿಗುವುದು ವಿಡಿಯೊ ಗೇಮಿನಲ್ಲಿ ಮಾತ್ರ. ಅದೇ ಜಾತಿಯ ಇನ್ನೊಂದು ಜಪಾನಿ ಎಂಜಿನ್ ಮಾತ್ರ ಅವನ ಸೊಸೈಟಿಯ ಪಾರ್ಕಿಂಗಿನಲ್ಲೇ, ಧೂಳು ಹಿಡಿದ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ನಿಂತಿರಬಹುದು: ಯಮಹಾ ಆರ್‌ಎಕ್ಸ್ 100.

ಟೂ ಸ್ಟ್ರೋಕ್ ಬೈಕು ರೋಟರಿ ಕಾರಿಗೆ ಹೇಗೆ ನೆಂಟ? ಇದರಲ್ಲೂ ವಾಲ್ವಿನ ಕೆಲಸವನ್ನು ಗೋಡೆಯ ಪೋರ್ಟುಗಳು ಮಾಡುತ್ತವೆ. ಇದೂ ಪೆಟ್ರೋಲಿನ ಜೊತೆ ಆಯಿಲ್ ಸುಡುತ್ತದೆ. ಇದೂ ಗಾತ್ರಕ್ಕೆ ಮೀರಿದ ಶಕ್ತಿ ಕೊಡುತ್ತದೆ, ಹೊಗೆಯ ಕಾನೂನು ಬಿಗಿಯಾದಾಗ ಇದೂ ಸೋತಿತು. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿಯುತ್ತದೆ. ಆಗ ಕಾರ್ಬೊರೇಟರಿನ ಹಿಂದಿರುವ ರೀಡ್ ಎಂಬ ತೆಳು ಉಕ್ಕಿನ ಪಟ್ಟಿಗಳು ತೆರೆದುಕೊಂಡು ಪೆಟ್ರೋಲು–ಗಾಳಿಯ ಮಿಶ್ರಣ ಒಳಗೆ ಬರುತ್ತದೆ. ಮೇಲೆ ಕಿಡಿ ಹಾರಿ ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆ ಹೋಗುವ ಪೋರ್ಟು ತೆರೆಯುತ್ತದೆ, ಅದರ ಬೆನ್ನಿಗೇ ಟ್ರಾನ್ಸ್‌ಫರ್ ಪೋರ್ಟುಗಳು ತೆರೆಯುತ್ತವೆ. ಕೆಳಗೆ ಒತ್ತಿಕೊಂಡಿದ್ದ ಹೊಸ ಮಿಶ್ರಣ ಅಲ್ಲಿಂದ ಮೇಲೆ ನುಗ್ಗುತ್ತದೆ. ಕ್ರ್ಯಾಂಕ್ ಒಂದು ಸುತ್ತು ಬಂದರೆ ಒಂದು ಸಲ ಶಕ್ತಿ. ಫೋರ್ ಸ್ಟ್ರೋಕಿನಲ್ಲಿ ಅದಕ್ಕೆ ಎರಡು ಸುತ್ತು ಬೇಕು. 98 ಸಿಸಿಯ ಪುಟ್ಟ ಎಂಜಿನ್ 11 ಅಶ್ವಶಕ್ತಿ ಕೊಟ್ಟದ್ದು ಹೀಗೆ. ನೂರು ಕಿಲೊ ಆಸುಪಾಸಿನ ಗಾಡಿಗೆ ಅಷ್ಟು ಸಿಕ್ಕಿದರೆ ಅದು ಹಾರದೆ ಇರುತ್ತದೆಯೇ!

ಇಲ್ಲಿ ಗಮನಿಸಬೇಕಾದ್ದು ಒಂದೇ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸ್ ಬರಿಯ ಡಬ್ಬಿಯಲ್ಲ, ಅದೇ ಪಂಪು. ಪಂಪು ಸೋರಿದರೆ ಎಂಜಿನ್ ಕೆಟ್ಟಿತು. ಹಳೆಯ ಆರ್‌ಎಕ್ಸ್‌ಗೆ ಮರುಜೀವ ಕೊಡುವುದೆಂದರೆ ಮುಕ್ಕಾಲು ಪಾಲು ಸೋರಿಕೆ ನಿಲ್ಲಿಸುವ ಕೆಲಸ. ಬಣ್ಣ, ಕ್ರೋಮ್, ಸ್ಟಿಕ್ಕರ್ ಎಲ್ಲ ಆಮೇಲೆ.

ಎಸ್ಕಾರ್ಟ್ಸ್ ಕಂಪನಿ ಈ ಬೈಕನ್ನು 1985ರ ಕೊನೆಗೆ ಮಾರುಕಟ್ಟೆಗೆ ತಂದಿತು. ಮೊದಮೊದಲು ಜಪಾನಿನಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಆ ಕಾಲದ ಎಂಜಿನ್ ಇರುವ ಗಾಡಿಗೆ ಇಂದಿಗೂ ಬೇಡಿಕೆ ಹೆಚ್ಚು. 1996ರ ಮಾರ್ಚಿಗೆ ತಯಾರಿಕೆ ನಿಂತಿತು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಯೆಜ್ಡಿ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯೂ ಅದೇ ವರ್ಷ ಮುಚ್ಚಿತು. ಯೆಜ್ಡಿಯೂ ಟೂ ಸ್ಟ್ರೋಕೇ. ಊರಿನಿಂದ ಯಾರಾದರೂ ಯೆಜ್ಡಿ ತಂದಿಟ್ಟಿದ್ದರೆ ಇಲ್ಲಿ ಹೇಳುವ ಬಹುಪಾಲು ಮಾತು ಅದಕ್ಕೂ ಅನ್ವಯಿಸುತ್ತದೆ.

ಪಾನಾ ಹಿಡಿಯುವ ಮೊದಲು ಆರ್‌ಸಿ ಹಿಡಿಯಿರಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಗೆ ತಾಳೆಯಾಗಬೇಕು. ಉಜ್ಜಿದ ಅಥವಾ ಮತ್ತೆ ಕೊರೆದ ಗುರುತಿದ್ದರೆ ಗಾಡಿ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಖಾಸಗಿ ಬೈಕಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2,000 ರೂಪಾಯಿಗೆ ಏರಿಸಿತು. ಹಳೆಯ ಪುಸ್ತಕದಂಥ ಆರ್‌ಸಿಯ ವಿವರ ಎಷ್ಟೋ ಸಲ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಅದನ್ನು ಮೊದಲು ನೋಂದಾಯಿಸಿದ ಆರ್‌ಟಿಒದಲ್ಲೇ ಹತ್ತಿಸಬೇಕು. ಎಂಎಚ್-04 ಆದರೆ ಥಾಣೆ, 05 ಆದರೆ ಕಲ್ಯಾಣ್, 43 ಆದರೆ ನವಿಮುಂಬಯಿ. ಡೊಂಬಿವಲಿಯವರಿಗೆ ಕಲ್ಯಾಣವೇ ಗತಿ. ಹುಬ್ಬಳ್ಳಿ, ಮಂಗಳೂರುಗಳಿಂದ ಕೆಎ ನಂಬರಿನ ಗಾಡಿ ತಂದವರು ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ ನಂಬರ್ ಬದಲಿಸಿಕೊಳ್ಳಬೇಕು. ಕರ್ನಾಟಕದ ನಂಬರ್ ಇಟ್ಟುಕೊಂಡು ಮಹಾರಾಷ್ಟ್ರದಲ್ಲಿ ಓಡಿಸಲು ಹನ್ನೆರಡು ತಿಂಗಳ ಅವಕಾಶ ಮಾತ್ರ.

ಇನ್ನು ಎಂಜಿನ್. ಇಲ್ಲಿಯ ಮೆಕ್ಯಾನಿಕ್‌ಗಳು ಕೆಲಸವನ್ನು ಹಾಫ್ ಎಂಜಿನ್, ಫುಲ್ ಎಂಜಿನ್ ಎಂದು ಎರಡು ಬಗೆ ಮಾಡುತ್ತಾರೆ. ಹೆಡ್, ಬ್ಲಾಕ್, ಪಿಸ್ಟನ್ ಮಟ್ಟಿಗೆ ಹಾಫ್. ಕೇಸ್ ಬಿಡಿಸಿ ಕ್ರ್ಯಾಂಕ್ ತೆಗೆದರೆ ಫುಲ್. ವರ್ಷಗಟ್ಟಲೆ ನಿಂತ ಗಾಡಿಗೆ ಹಾಫ್ ಮಾಡಿಸುವುದು ಹಣ ಪೋಲು ಮಾಡಿದಂತೆ. ನಿಂತ ಜಾಗದಲ್ಲೇ ಕ್ರ್ಯಾಂಕಿನ ಬೇರಿಂಗು ತುಕ್ಕು ಹಿಡಿದಿರುತ್ತದೆ, ಸೀಲಿನ ರಬ್ಬರು ಗಟ್ಟಿಯಾಗಿರುತ್ತದೆ. ಫುಲ್ ಮಾಡಿಸಿಯೇ ಬಿಡಿ.

ಬ್ಲಾಕನ್ನು ಬೋರ್ ಮಾಡಿಸಲು ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ನವಿಮುಂಬಯಿಯ ರಬಾಳೆ–ತುರ್ಭೆ ಭಾಗದಲ್ಲಿ ಲೇತ್ ಕೆಲಸದವರನ್ನು ವಿಚಾರಿಸಿ. ಆರ್‌ಎಕ್ಸ್ 100ರ ಸಿಲಿಂಡರ್ ಬಾಯಿ 50 ಮಿಲಿಮೀಟರ್. ಸವೆದರೆ ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ದೊಡ್ಡದು ಮಾಡಿ, ಅದೇ ಅಳತೆಯ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಪಿಸ್ಟನ್ನನ್ನು ಮೊದಲು ಕೊಂಡು ಅದನ್ನು ಲೇತಿನವರ ಕೈಗೆ ಕೊಡಿ. ಅದನ್ನು ಅಳೆದ ಮೇಲೆಯೇ ಬೋರ್ ಆಗಬೇಕು. ಬೋರ್ ಆದ ಬ್ಲಾಕಿನಲ್ಲಿ ಪೋರ್ಟುಗಳ ಅಂಚು ಬ್ಲೇಡಿನಷ್ಟು ಚೂಪಾಗಿರುತ್ತದೆ. ಬೆರಳಿನಿಂದ ಮುಟ್ಟಿ ನೋಡಿದರೆ ತಿಳಿಯುತ್ತದೆ. ಆ ಅಂಚನ್ನು ಸಣ್ಣಗೆ ಉಜ್ಜಿ ಮೊಂಡು ಮಾಡಿಸದಿದ್ದರೆ ರಿಂಗು ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಟೂ ಸ್ಟ್ರೋಕ್ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನಲ್ಲಿ ಒಂದು ಚಿಕ್ಕ ಮೊಳೆ ಇರುವುದೂ ಇದೇ ಕಾರಣಕ್ಕೆ. ರಿಂಗಿನ ಎರಡು ತುದಿಗಳು ಆ ಮೊಳೆಯ ಎರಡೂ ಪಕ್ಕ ಕೂತರೆ ರಿಂಗ್ ಸುತ್ತುವುದಿಲ್ಲ, ತುದಿ ಪೋರ್ಟಿನೊಳಗೆ ಚಾಚುವುದಿಲ್ಲ. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ ಇರಲಿ. ಪಿನ್ನಿನ ಲಾಕ್ ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ. ಲಾಕ್ ಜಾರಿ ಒಳಗೆ ಬಿದ್ದರೆ ಕಟ್ಟಿದ್ದನ್ನೆಲ್ಲ ಮತ್ತೆ ಬಿಚ್ಚಬೇಕು. ಬ್ಲಾಕನ್ನು ಲೋಕಲ್ ಟ್ರೇನಿನಲ್ಲಿ ಒಯ್ಯುವುದಾದರೆ ಚೆನ್ನಾಗಿ ತೊಳೆದು ಒಣಗಿಸಿ ಒಯ್ಯಿರಿ. ಪೆಟ್ರೋಲ್ ಇರುವ ಟ್ಯಾಂಕು, ಕಾರ್ಬೊರೇಟರುಗಳನ್ನು ರೈಲಿನಲ್ಲಿ ಒಯ್ಯುವುದು ಅಪರಾಧ, ಅಪಾಯವೂ ಹೌದು.

ಕ್ರ್ಯಾಂಕಿನ ಎರಡು ಬದಿಯಲ್ಲಿ ಎರಡು ಆಯಿಲ್ ಸೀಲ್. ಒಂದೊಂದರ ಬೆಲೆ ಅಲ್ಪ. ಆದರೆ ಎಂಜಿನ್ನಿನ ಆಯುಸ್ಸು ಅವುಗಳ ಕೈಯಲ್ಲಿದೆ. ಮ್ಯಾಗ್ನೆಟೊ ಕಡೆಯದು ಸೋರಿದರೆ ಹೊರಗಿನ ಗಾಳಿ ಒಳಗೆ ಬಂದು ಮಿಶ್ರಣ ತೆಳುವಾಗುತ್ತದೆ. ಗಾಡಿ ಒಮ್ಮೊಮ್ಮೆ ತಾನಾಗಿಯೇ ರೇಸ್ ಆಗುತ್ತದೆ, ಎಂಜಿನ್ ಕಾಯುತ್ತದೆ, ಕೊನೆಗೆ ಪಿಸ್ಟನ್ ಸೀಜ್. ಕ್ಲಚ್ ಕಡೆಯದು ಸೋರಿದರೆ ಗೇರ್ ಆಯಿಲನ್ನೇ ಎಳೆದು ಸುಡುತ್ತದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು, ಗೇರ್ ಆಯಿಲ್ ಎಲ್ಲೂ ತೊಟ್ಟಿಕ್ಕದೆ ಕಡಿಮೆಯಾಗುತ್ತಿದ್ದರೆ ಇದೇ ಕಾರಣ.

ಸೀಲ್ ಸರಿಯಾಗಿದೆಯೇ ಎಂದು ಗಾಡಿ ಓಡಿಸದೆಯೂ ಪರೀಕ್ಷಿಸಬಹುದು. ನಾನು ಎಲ್ಲರಿಗೂ ಒತ್ತಿ ಹೇಳುವ ಕೆಲಸ ಇದು. ಬಿಪಿ ನೋಡುವ ಮುಳ್ಳಿನ ಯಂತ್ರವೊಂದನ್ನು ತನ್ನಿ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ತೆಗೆಸಿ, ಉಳಿದ ಉಕ್ಕಿನ ಕವಚಕ್ಕೆ ಒಂದು ಚಿಕ್ಕ ನಳಿಗೆ ಬೆಸೆಸಿಕೊಳ್ಳಿ. ಕಾರ್ಬೊರೇಟರ್ ಮತ್ತು ಸೈಲೆನ್ಸರ್ ಕಳಚಿ, ಆ ಎರಡು ಬಾಯಿಗಳನ್ನು ರಬ್ಬರ್ ಮತ್ತು ತಗಡಿನಿಂದ ಬಿಗಿಯಾಗಿ ಮುಚ್ಚಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಟ್ರಾನ್ಸ್‌ಫರ್ ಪೋರ್ಟು ತೆರೆದಿದ್ದು ಮೇಲಿನ ಗಾಳಿ ಕ್ರ್ಯಾಂಕ್‌ಕೇಸಿಗೂ ತಲುಪುತ್ತದೆ. ನಳಿಗೆ ಬೆಸೆದ ಪ್ಲಗ್ಗನ್ನು ಅದರ ಜಾಗಕ್ಕೆ ಬಿಗಿದು, ನಳಿಗೆಗೆ ಬಿಪಿ ಯಂತ್ರದ ಪೈಪು ಜೋಡಿಸಿ, ಬಲ್ಬ್ ಒತ್ತಿ 300ರ ಗುರುತಿನವರೆಗೆ ಗಾಳಿ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಸೀಲಿನ ತುಟಿ ತಿರುಚಿಕೊಂಡೀತು. ಐದಾರು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತರೆ ಎಂಜಿನ್ ಸೋರುತ್ತಿಲ್ಲ. ಇಳಿಯುತ್ತ ಬಂದರೆ ಹೆಡ್, ಬ್ಲಾಕಿನ ಬುಡ, ಮ್ಯಾಗ್ನೆಟೊ ಹಿಂಭಾಗ ಎಲ್ಲ ಕಡೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಎಲ್ಲೂ ಗುಳ್ಳೆ ಇಲ್ಲದೆ ಮುಳ್ಳು ಇಳಿದರೆ ಕ್ಲಚ್ ಕಡೆಯ ಸೀಲನ್ನು ಸಂಶಯಿಸಿ. ಫುಲ್ ಎಂಜಿನ್ ಮಾಡಿಸಿ ಗಾಡಿ ತೆಗೆದುಕೊಳ್ಳುವಾಗ ಮೆಕ್ಯಾನಿಕ್ ಎದುರಿಗೇ ಈ ಪರೀಕ್ಷೆ ಮಾಡಿ. ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇದೆ. 1985ರ ಗಾಡಿ ಇದಕ್ಕಾಗಿ ಹುಟ್ಟಿದ್ದಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ ಇಲ್ಲವೇ ಒಡೆಯುತ್ತದೆ. ಆದ್ದರಿಂದ ಪೈಪು, ಕಾಕಿನ ವಾಶರ್, ಕಾರ್ಬೊರೇಟರಿನ ಓ-ರಿಂಗುಗಳನ್ನೆಲ್ಲ ಎಥೆನಾಲ್ ತಡೆಯುವ ವಿಟಾನ್ ಬಗೆಗೆ ಬದಲಿಸಿ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ತುಸು ತೆಳುವಾಗುತ್ತದೆ. ಪ್ಲಗ್ ತೆಗೆದು ನೋಡಿ: ಚಹಾ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಮೈನ್ ಜೆಟ್ ಒಂದು ಅಳತೆ ದೊಡ್ಡದು ಬೇಕು. ಇನ್ನೊಂದು ತೊಂದರೆ ನಮ್ಮ ಮಳೆಗಾಲದ್ದು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಅದು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ, ತುಕ್ಕು ಅಲ್ಲಿಂದ ಶುರು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಡಿ ಓಡಿಸುವುದಿಲ್ಲ ಎಂದಾದರೆ ಟ್ಯಾಂಕ್ ಮತ್ತು ಕಾರ್ಬೊರೇಟರ್ ಬಟ್ಟಲು ಎರಡನ್ನೂ ಖಾಲಿ ಮಾಡಿ, ಟ್ಯಾಂಕಿನ ಒಳಗೆ ಆಯಿಲ್ ಸವರಿ ಇಡಿ. ವಾಶಿ, ಐರೋಲಿ, ಮುಂಬ್ರಾ, ಡೊಂಬಿವಲಿ ಪಶ್ಚಿಮದ ಖಾಡಿ ಬದಿಯವರ ಕ್ರೋಮ್ ರಿಮ್ಮು, ಕಡ್ಡಿಗಳು ಉಪ್ಪುಗಾಳಿಗೆ ಬೇಗ ಕೆಡುತ್ತವೆ. ಪ್ಲಾಸ್ಟಿಕ್ ಹೊದಿಕೆ ತೇವ ಹಿಡಿದಿಡುತ್ತದೆ, ಹತ್ತಿ ಬಟ್ಟೆಯೇ ಮೇಲು.

2ಟಿ ಆಯಿಲ್ ಪಂಪನ್ನು ಹಲವರು ಕಿತ್ತುಹಾಕಿ ಟ್ಯಾಂಕಿಗೇ ಆಯಿಲ್ ಬೆರೆಸುತ್ತಾರೆ. ಪಂಪು ಸರಿಯಿದ್ದರೆ ಹಾಗೆ ಮಾಡಬೇಡಿ. ಎಕ್ಸಿಲೇಟರ್ ತಿರುವಿದಷ್ಟಕ್ಕೆ ತಕ್ಕಂತೆ ಆಯಿಲ್ ಕೊಡುವ ಜಾಣ ಸಾಧನ ಅದು. ಬಿಚ್ಚಿ ಜೋಡಿಸಿದ ಮೇಲೆ ಪಂಪಿನ ಸ್ಕ್ರೂ ಸಡಿಲಿಸಿ ಗಾಳಿ ಪೂರ್ತಿ ತೆಗೆಯಬೇಕು. ಮೊದಲ ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 20 ಮಿಲಿ ಆಯಿಲನ್ನು ಪ್ರತ್ಯೇಕವಾಗಿಯೂ ಬೆರೆಸಿ.

ವೇಗ ಹೆಚ್ಚಿಸುವ ಆಸೆ ಇದ್ದವರಿಗೆ ಒಂದು ಮಾತು. ಟೂ ಸ್ಟ್ರೋಕಿನ ಸೈಲೆನ್ಸರ್ ಸದ್ದು ಅಡಗಿಸಲು ಮಾತ್ರ ಇರುವುದಲ್ಲ. ಅದರ ಹೊಟ್ಟೆಯಿಂದ ಮರಳುವ ಒತ್ತಡದ ಅಲೆ, ಹೊಗೆಯ ಜೊತೆ ಹೊರಟ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಹಿಂದಕ್ಕೆ ತಳ್ಳುತ್ತದೆ. ಒಳಗಿನ ಜಾಲರಿ ಕಿತ್ತರೆ ಸದ್ದು ಹೆಚ್ಚುತ್ತದೆ, ಶಕ್ತಿ ಹೆಚ್ಚುತ್ತದೆಂಬ ಭರವಸೆಯಿಲ್ಲ, ಪೊಲೀಸರ ದಂಡ ಮಾತ್ರ ಖಚಿತ. ಕಟ್ಟಿಕೊಂಡ ಇಂಗಾಲ ತೆಗೆಸಿದರೆ ಸಾಕು, ಗಾಡಿ ಹೊಸತಾದಂತೆ ಓಡುತ್ತದೆ. ಪೋರ್ಟು ಕೊರೆದು ಎತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ತೆಗೆದ ಲೋಹ ಮರಳಿ ಬರುವುದಿಲ್ಲ, ಮೂಲ ಬ್ಲಾಕುಗಳೋ ದಿನೇದಿನೇ ವಿರಳವಾಗುತ್ತಿವೆ. ಅಷ್ಟು ಹಟವಿದ್ದರೆ ಇನ್ನೊಂದು ಬ್ಲಾಕ್ ಕೊಂಡು ಪ್ರಯೋಗ ಮಾಡಿ, ಮೂಲದ್ದನ್ನು ಎಣ್ಣೆ ಸವರಿ ಎತ್ತಿಡಿ. ಕಾನೂನೂ ಇದೇ ಕಡೆಗಿದೆ. ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಬೇರೆ ಬಣ್ಣ ಬಳಿಸಿದರೆ ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಮೂಲರೂಪ ಉಳಿಸಿಕೊಂಡರೆ ಇನ್ನೊಂದು ಲಾಭವಿದೆ: ಐವತ್ತು ವರ್ಷ ತುಂಬಿದ ವಾಹನಗಳಿಗೆ 2021ರ ನಿಯಮದಂತೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಸಿಗುತ್ತದೆ. ಮೊದಮೊದಲ ಜಾವಾಗಳು ಆಗಲೇ ಆ ವಯಸ್ಸು ದಾಟಿವೆ, ಮೊದಲ ಆರ್‌ಎಕ್ಸ್ 100ಗಳಿಗೆ 2035ರಲ್ಲಿ ಐವತ್ತು.

ಗಾಡಿ ಕಟ್ಟಿ ಮುಗಿದ ಮೇಲೆ ಮೊದಲ 500 ಕಿಲೊಮೀಟರ್ ಪೂರ್ತಿ ಎಕ್ಸಿಲೇಟರ್ ಕೊಡಬೇಡಿ, ಹಿಂದೆ ಯಾರನ್ನೂ ಕೂರಿಸಬೇಡಿ. ಘೋಡಬಂದರ್ ರಸ್ತೆಯ ಏರಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿದರೆ ಬದಿಗೆ ನಿಲ್ಲಿಸಿ ಎಂಜಿನ್ ತಣಿಯಲು ಬಿಡಿ. ಆಮೇಲೆ ಪಿಯುಸಿಗೆ ಹೋಗಿ. 2000ದ ಮಾರ್ಚ್ ವರೆಗಿನ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 4.5, ಹೈಡ್ರೊಕಾರ್ಬನ್ ಮಿತಿ 9,000 ಪಿಪಿಎಂ. ಸೀಲ್, ರಿಂಗ್, ಜೆಟ್ ಮೂರೂ ಸರಿಯಿರುವ ಆರ್‌ಎಕ್ಸ್ 100 ಯಾರ ಕೈಕಾಲೂ ಹಿಡಿಯದೆ ಆ ಪರೀಕ್ಷೆ ಪಾಸಾಗುತ್ತದೆ. ಪಾಸಾಗದಿದ್ದರೆ ಕೆಲಸ ಇನ್ನೂ ಬಾಕಿ ಇದೆ ಎಂದೇ ತಿಳಿದು, ಬಿಪಿ ಯಂತ್ರ ಹಿಡಿದು ಸೋರಿಕೆಯನ್ನು ಮತ್ತೊಮ್ಮೆ ಹುಡುಕಿ.