ನಟ್ಟಿಗೊಂದು ಹನಿ, ಪ್ಯಾಕಿಂಗಿಗೊಂದು ಗೆರೆ

ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಕಾರು ಓಡುತ್ತಿದ್ದಷ್ಟು ಹೊತ್ತೂ ಎಂಜಿನ್ನಿನ ಬೋಲ್ಟುಗಳು ಅದುರುತ್ತಲೇ ಇರುತ್ತವೆ. ಬೋಲ್ಟನ್ನು ಹೆಚ್ಚಾಗಿ ಸಡಿಲಿಸುವುದು ಉದ್ದಕ್ಕೆ ಎಳೆಯುವ ಬಲವಲ್ಲ, ಅಡ್ಡಕ್ಕೆ ಜಾರಿಸುವ ಅದುರು. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಇದನ್ನು 1969ರಲ್ಲಿ ಪ್ರಯೋಗ ಮಾಡಿ ತೋರಿಸಿದ. ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕು ಎಂಬ ನಂಬಿಕೆ ಅಂದೇ ಸಾಯಬೇಕಿತ್ತು. ಸತ್ತಿಲ್ಲ.

ಈ ಜಾರಾಟ ತಡೆಯುವುದು ಥ್ರೆಡ್ ಲಾಕರ್. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಇದೇ ಮುಂದೆ ಲಾಕ್‌ಟೈಟ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಇದರ ಸ್ವಭಾವ ತಿರುಗುಮುರುಗು: ಗಾಳಿ ಆಡುವವರೆಗೆ ನೀರಾಗಿರುತ್ತದೆ, ಥ್ರೆಡ್ಡಿನ ಸಂದಿಯಲ್ಲಿ ಗಾಳಿ ತಪ್ಪಿ, ಕಬ್ಬಿಣವೋ ತಾಮ್ರವೋ ತಾಗಿದರೆ ಗಟ್ಟಿಯಾಗುತ್ತದೆ. ಬಾಟಲಿಯನ್ನು ತುಂಬ ತುಂಬದಿರುವುದು, ಗಾಳಿ ನುಸುಳುವ ಪ್ಲಾಸ್ಟಿಕ್ಕಿನಲ್ಲೇ ಮಾರುವುದು ಅದಕ್ಕೇ. ಖಾಲಿ ಬಾಟಲಿ ಕೊಟ್ಟ ಎಂದು ಅಂಗಡಿಯವನನ್ನು ಬೈಯಬೇಡಿ.

ನೀಲಿ ಬಣ್ಣದ ಲಾಕರ್ ಹಚ್ಚಿದ್ದು ಪಾನಾಕ್ಕೆ ಬಿಚ್ಚಿಕೊಳ್ಳುತ್ತದೆ. ಕೆಂಪು ಹಚ್ಚಿದ್ದನ್ನು ಬಿಚ್ಚಲು ಸಾಮಾನ್ಯವಾಗಿ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಆದರೆ ಬಣ್ಣವನ್ನಷ್ಟೇ ನಂಬುವಂತಿಲ್ಲ, ಬಾಟಲಿಯ ಮೇಲಿನ ನಂಬರ್ ನೋಡಿ. ಥ್ರೆಡ್ಡಿನಲ್ಲಿ ಎಣ್ಣೆ ಇರಬಾರದು. ಅಲ್ಯೂಮಿನಿಯಂ, ಸತುವಿನ ಲೇಪದ ಬೋಲ್ಟುಗಳಲ್ಲಿ ಗಟ್ಟಿಯಾಗಲು ತಡವಾಗುತ್ತದೆ, ಆಕ್ಟಿವೇಟರ್ ಬೇಕಾಗಬಹುದು. ಇದು ತಾಗಿದರೆ ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಎಲ್ಲ ಬೋಲ್ಟಿಗೂ ಒಂದೊಂದು ಹನಿ ಬಿಟ್ಟರೆ ಭದ್ರವಲ್ಲವೇ? ಅಲ್ಲ. 1958ರಲ್ಲಿ ಶುರುವಾದ, ಕಲಬುರಗಿಯ ಐವಾನ್-ಎ-ಶಾಹಿಯ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವವರನ್ನು ಕೇಳಿದರೆ ಲೆಕ್ಕ ಹೇಳಿಯಾರು: ಟಾರ್ಕ್ ರೆಂಚಿಗೆ ಹಾಕಿದ ಬಲದಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಬೋಲ್ಟಿನ ಬಿಗಿತಕ್ಕೆ ಉಳಿಯುವುದು ಒಂದೇ ಪಾಲು. ಹನಿ ಬಿದ್ದು ತಿಕ್ಕಾಟ ತುಸು ಬದಲಾದರೂ ಆ ಒಂದು ಪಾಲು ಏರುಪೇರಾಗುತ್ತದೆ. ಹೆಡ್ ಬೋಲ್ಟಿಗೆ, ಕನೆಕ್ಟಿಂಗ್ ರಾಡ್ ಬೋಲ್ಟಿಗೆ ಎಣ್ಣೆ ಸವರಿ ಎಂದು ಕಂಪನಿಯ ಪುಸ್ತಕ ಹೇಳಿದ್ದರೆ ಎಣ್ಣೆಯನ್ನೇ ಸವರಬೇಕು.

ಇನ್ನು ಸೀಲೆಂಟ್. ಹಳೆಯ ಮಿಸ್ತ್ರಿಗಳು ಪ್ಯಾಕಿಂಗಿಗೆ ಶೆಲ್ಯಾಕ್ ಹಚ್ಚುತ್ತಿದ್ದರು, ಅಂದರೆ ಅರಗು. ಈಗ ಹೆಚ್ಚಾಗಿ ಟ್ಯೂಬಿನ ಸಿಲಿಕೋನ್. ಇದು ಗಟ್ಟಿಯಾಗುವುದು ಗಾಳಿಯ ತೇವ ಹೀರಿ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಬೇಗ ಒಣಗುತ್ತದೆ ಅಂದುಕೊಳ್ಳುತ್ತೇವೆ. ಕಾವು ಎಷ್ಟಿದ್ದರೇನು, ಗಾಳಿಯಲ್ಲಿ ತೇವವೇ ಇಲ್ಲದಿದ್ದರೆ ಕೆಲಸ ನಿಧಾನವೇ. ಬೇಸಿಗೆಯಲ್ಲಿ ಟ್ಯೂಬಿನ ಮೇಲೆ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟು ಎಣ್ಣೆ ಸುರಿಯುವುದು ಜಾಣತನ. ವಿನೆಗರ್ ವಾಸನೆಯ ಬಗೆ ಎಂಜಿನ್ನಿಗೆ ಬೇಡ. ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಕಾರಿಗೆ ‘ಸೆನ್ಸರ್ ಸೇಫ್’ ಎಂದು ಬರೆದ ಟ್ಯೂಬನ್ನೇ ಕೇಳಿ ತನ್ನಿ. ಪೆಟ್ರೋಲ್ ತಾಗುವಲ್ಲಿ ಸಾಮಾನ್ಯ ಸಿಲಿಕೋನ್ ಉಬ್ಬಿ ಕೆಡುತ್ತದೆ. ಲೋಹದ ಪದರಗಳ ಹೆಡ್ ಗ್ಯಾಸ್ಕೆಟ್ಟಿಗೆ, ಕಂಪನಿ ಹೇಳದ ಹೊರತು, ಏನನ್ನೂ ಹಚ್ಚಬಾರದು.

ಗ್ಯಾರೇಜುಗಳಲ್ಲಿ ಎಂಜಿನ್ ಕೊಲ್ಲುವುದು ಸಿಲಿಕೋನಿನ ಕೊರತೆಯಲ್ಲ, ಧಾರಾಳತನ. ಚೇಂಬರ್, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿ, ಬಿಗಿದಾಗ ಹೊರಗೆ ಹಿಂಡಿ ಬಂದ ಸಿಲಿಕೋನನ್ನು ಬೆರಳಲ್ಲಿ ಒರೆಸುತ್ತಾರೆ, ನೋಡಲು ಚೊಕ್ಕಟ. ಒಳಗೂ ಅಷ್ಟೇ ಹಿಂಡಿ ಬಂದಿರುತ್ತದಲ್ಲ, ಅದನ್ನು ಒರೆಸುವವರು ಯಾರು? ಅದು ಗಟ್ಟಿಯಾಗಿ, ಬಿಸಿ ಎಣ್ಣೆಯಲ್ಲಿ ತುಣುಕಾಗಿ ಕಳಚಿ, ಆಯಿಲ್ ಪಂಪಿನ ಸ್ಟ್ರೇನರ್ ಜಾಲರಿಗೆ ಹೋಗಿ ಅಂಟುತ್ತದೆ. ಚೇಂಬರ್ ತುಂಬ ಎಣ್ಣೆ ಇದ್ದರೂ ಬೇರಿಂಗಿಗೆ ಎಣ್ಣೆ ಇಲ್ಲ. ಆಯಿಲ್ ಪ್ರೆಶರ್ ದೀಪ ಹೊತ್ತುತ್ತದೆ, ಗಮನಿಸದೆ ಓಡಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಹಚ್ಚಬೇಕಾದದ್ದು ಸಾಮಾನ್ಯವಾಗಿ ಎರಡು-ಮೂರು ಮಿಲಿಮೀಟರ್ ದಪ್ಪದ, ಎಲ್ಲೂ ತುಂಡಾಗದ ಒಂದೇ ಗೆರೆ. ಬೋಲ್ಟಿನ ತೂತುಗಳ ಒಳಮಗ್ಗುಲಿಗೆ. ಟೈಮಿಂಗ್ ಕವರ್, ಹೆಡ್, ಬ್ಲಾಕ್ ಮೂರೂ ಕೂಡುವ ಮೂಲೆಯಲ್ಲಿ, ಪುಸ್ತಕ ಹೇಳಿದ್ದರೆ, ಒಂದು ಬೊಟ್ಟು. ಹಳೆಯ ಸಿಲಿಕೋನ್ ಕೆರೆಯುವಾಗ ಅಲ್ಯೂಮಿನಿಯಂಗೆ ಗೀರು ಬಿದ್ದರೆ ಹೊಸದು ಎಷ್ಟು ಹಚ್ಚಿದರೂ ಸೋರಿಕೆ ನಿಲ್ಲುವುದು ಕಷ್ಟ. ಪ್ಲಾಸ್ಟಿಕ್ ಬ್ಲೇಡ್ ಬಳಸಿ.

ಮುಂದಿನ ಸಲ ನಿಮ್ಮ ಕಾರಿನ ಚೇಂಬರ್ ಇಳಿಸಿದಾಗ ಸ್ಟ್ರೇನರನ್ನೂ ಬಿಚ್ಚಿ ತೋರಿಸಲು ಮಿಸ್ತ್ರಿಗೆ ಹೇಳಿ. ಹಿಂದಿನವರು ಎಷ್ಟು ಹಚ್ಚಿದ್ದರು ಎಂಬುದು ಆ ಜಾಲರಿಯಲ್ಲಿ ಸಿಗುತ್ತದೆ.